ರಾಷ್ಟ್ರಾಂತರ ನ್ಯಾಯಶಾಸ್ತ್ರವೂ ಸ್ತ್ರೀಯರ ಅಧಿಕಾರವೂ

ವಿಧಿವಾಕ್ಯದ ಕರ್ತೃಪದವು ಪುಂಲಿಂಗದಲ್ಲಿರುವಾಗ ಆ ವಿಧಿಯು ಸ್ತ್ರೀಯರಿಗೂ ಸಲ್ಲುವುದೋ ಇಲ್ಲವೋ ಎಂಬ ಪ್ರಶ್ನೆಯನ್ನು ಈ ದೇಶದ ಮೀಮಾಂಸಕರು ಬಹು ಹಿಂದೆಯೇ ಎತ್ತಿಕೊಂಡಿದ್ದರು. ಜೈಮಿನಿಸೂತ್ರಗಳ ಆರನೆಯ ಅಧ್ಯಾಯದ ಪ್ರಥಮ ಪಾದದಲ್ಲಿ ಈ ವಿಚಾರವಿದೆ. ಸ್ವರ್ಗವನ್ನು ಬಯಸುವವನು ಯಾಗಮಾಡತಕ್ಕದ್ದೆಂದು ವಿಧಿಯಿರಲು, ಪುಂಲಿಂಗದ ನಿರ್ದೇಶವಿರುವುದರಿಂದ ಪುರುಷನಿಗೆ ಮಾತ್ರವೇ ಅಧಿಕಾರವೆಂದು ಐತಿಶಾಯನನ ಪಕ್ಷ. ಅಲ್ಲಿ ವಿವಕ್ಷಿತವಾದುದು ಜಾತಿಯೇ ಹೊರತು ಲಿಂಗವಲ್ಲ, ಆದಕಾರಣ ಸ್ತ್ರೀಯೂ ಗ್ರಾಹ್ಯಳೆಂದು ಬಾದರಾಯಣನ ಪಕ್ಷ. ಸಿದ್ಧಾಂತವು ಬಾದರಾಯಣನ ಕಡೆಗೇ ನಿಂತಿತು. ಆದರೆ ಅದೇ ಪಾದದಲ್ಲಿ ಮುಂದುವರಿದು, ಆ ಅಧಿಕಾರವನ್ನು ದಂಪತಿಗಳು ಕೂಡಿಯೇ ನಡೆಸತಕ್ಕದ್ದೆಂದು ನಿರ್ಣಯವಾಯಿತು. ಅಂತು ಶಬ್ದದಲ್ಲಿ ದೊರೆತ ಸ್ಥಾನವು ಅನುಷ್ಠಾನದಲ್ಲಿ ಪತಿಯ ಸ್ಥಾನವನ್ನು ಆಶ್ರಯಿಸಿಯೇ ಉಳಿಯಿತು.

ಇದೇ ವಿವಾದವು ೧೯೪೭-೪೮ರಲ್ಲಿ ವಿಶ್ವಸಂಸ್ಥೆಯ ಮಾನವಹಕ್ಕುಗಳ ಆಯೋಗದಲ್ಲಿ ಇನ್ನೊಂದು ವೇಷದಿಂದ ತಲೆಯೆತ್ತಿತು. ಸಾರ್ವತ್ರಿಕ ಘೋಷಣೆಯ ಮೊದಲನೆಯ ವಿಧಿಯ ಕರಡಿನಲ್ಲಿ, ಸ್ವತಂತ್ರರಾಗಿಯೂ ಸಮಾನರಾಗಿಯೂ ಹುಟ್ಟುವವರು 'ಪುರುಷರೆಲ್ಲರು' ಎಂಬರ್ಥದ ಇಂಗ್ಲಿಷ್ ಪದವಿದ್ದಿತು. ಆ ಪದದಲ್ಲಿ ಸ್ತ್ರೀಯರೂ ಅಡಕವಾಗಿರುವರೆಂದು ಅಧ್ಯಕ್ಷಿಣಿಯಾದ ಎಲಿನರ್ ರೂಸ್‌ವೆಲ್ಟರ ಅಭಿಪ್ರಾಯ. ಭಾರತದ ಪ್ರತಿನಿಧಿ ಹಂಸಾ ಮೆಹತಾ ಇದಕ್ಕೆ ಒಪ್ಪಲಿಲ್ಲ. ಅಡಕವಾಗಿದೆಯೆಂದು ಇಂದು ಹೇಳಿದುದನ್ನು ನಾಳೆ ಇಲ್ಲವೆನ್ನುವ ರಾಜ್ಯಗಳಿರಬಹುದೆಂಬ ಶಂಕೆಯಿಂದ ಅವರು ಪಟ್ಟುಹಿಡಿದುದರ ಫಲವಾಗಿ 'ಮಾನವರೆಲ್ಲರು' ಎಂಬ ಪದವು ನೆಲೆಗೊಂಡಿತು. ೧೯೪೮ರ ಡಿಸೆಂಬರ್ ೧೦ರಂದು ಪ್ಯಾರಿಸಿನಲ್ಲಿ ಅಂಗೀಕೃತವಾದ ಪಾಠವಿದು. ಆದರೂ ೨೩ನೆಯ ವಿಧಿಯಲ್ಲಿ, ದುಡಿದವನು ತನಗೂ ತನ್ನ ಕುಟುಂಬಕ್ಕೂ ಸಾಕಾಗುವ ಕೂಲಿಯನ್ನು ಪಡೆಯತಕ್ಕದ್ದೆಂಬಲ್ಲಿ ಸರ್ವನಾಮವು ಪುಂಲಿಂಗವಾಗಿಯೇ ಉಳಿದಿದೆ. ಹೆಬ್ಬಾಗಿಲಿನಲ್ಲಿ ತಿದ್ದಿದ ಪದವನ್ನು ಒಳಮನೆಯಲ್ಲಿ ತಿದ್ದಲು ಯಾರಿಗೂ ತೋಚಲಿಲ್ಲ.

ಆದರೆ ಈ ಶಾಸ್ತ್ರದಲ್ಲಿ ಸ್ತ್ರೀಯರಿಗೆ ಆಗಿರುವ ಲೋಪವು ಬರಿಯ ಲಿಂಗಪ್ರಯೋಗದ್ದೋ ಅಥವಾ ಶಾಸ್ತ್ರದ ಕಟ್ಟಡದ್ದೋ? ಈ ಪ್ರಶ್ನೆಯನ್ನು ಮೂಲಕ್ಕೆ ಹೋಗಿ ಕೇಳಿದ ಲೇಖನವೊಂದು ೧೯೯೧ರಲ್ಲಿ ಅಮೆರಿಕದ ಅಂತಾರಾಷ್ಟ್ರೀಯ ನ್ಯಾಯಶಾಸ್ತ್ರದ ಪ್ರಮುಖ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಿಲರಿ ಚಾರ್ಲ್ಸ್‌ವರ್ತ್, ಕ್ರಿಸ್ಟೀನ್ ಚಿಂಕಿನ್, ಶೆಲಿ ರೈಟ್ ಎಂಬ ಮೂವರು ವಿದುಷಿಯರು ಅದರ ಕರ್ತೃಗಳು. ಇವರಲ್ಲಿ ಮೊದಲಿನ ಇಬ್ಬರು ಅದೇ ವಿಚಾರವನ್ನು ವಿಸ್ತರಿಸಿ 'ಅಂತಾರಾಷ್ಟ್ರೀಯ ನ್ಯಾಯಶಾಸ್ತ್ರದ ಎಲ್ಲೆಗಳು' ಎಂದು ಹೇಳಬಹುದಾದ ಹೆಸರಿನ ಗ್ರಂಥವನ್ನು ೨೦೦೦ದಲ್ಲಿ ಮ್ಯಾಂಚೆಸ್ಟರಿನಿಂದ ಹೊರಡಿಸಿದರು. ಶಾಸ್ತ್ರದ ಮೂಲಪ್ರಮಾಣಗಳು, ಒಡಂಬಡಿಕೆಗಳು, ರಾಜ್ಯದ ಲಕ್ಷಣ, ಮಾನವಹಕ್ಕುಗಳು, ವಿವಾದಪರಿಹಾರ, ಯುದ್ಧ ಇವೆಲ್ಲವೂ ಅದರಲ್ಲಿ ವಿಚಾರಕ್ಕೆ ಬಂದಿವೆ. ಇದು ವಕೀಲರ ಗ್ರಂಥವಲ್ಲವೆ, ಸಾಹಿತ್ಯಪತ್ರಿಕೆಗೆ ಇದರಿಂದ ಏನು ಪ್ರಯೋಜನವೆಂದು ಕೆಲವರು ಕೇಳಬಹುದು. ಗ್ರಂಥದ ವಾದವೆಲ್ಲವೂ ಶಬ್ದಾರ್ಥದ ವಾದ. ಒಂದು ಲಕ್ಷಣವಾಕ್ಯವು ಯಾರನ್ನು ಒಳಗೊಂಡಿದೆ, ಯಾರನ್ನು ಹೊರಗಿಟ್ಟಿದೆ ಎಂಬ ವಿಚಾರ. ಶಬ್ದವಿಚಾರವು ಸಾಹಿತ್ಯಕ್ಕೆ ಹೊರಗಿನದಲ್ಲ. ಇಲ್ಲಿಯಾದರೋ ಶಬ್ದದ ತಪ್ಪಿಗೆ ಜೀವಗಳು ದಂಡ ತೆರುತ್ತಿವೆ.

ಗ್ರಂಥಕರ್ತ್ರಿಯರ ಕ್ರಮವನ್ನು ತಿಳಿಯಲು ಅವರ ಅತ್ಯಂತ ಪ್ರಬಲವಾದ ದೃಷ್ಟಾಂತವನ್ನು ಮೊದಲು ನೋಡತಕ್ಕದ್ದು. ೧೯೮೪ರ ಡಿಸೆಂಬರಿನಲ್ಲಿ ಅಂಗೀಕೃತವಾದ ಚಿತ್ರಹಿಂಸಾವಿರೋಧದ ಒಡಂಬಡಿಕೆಯ ಮೊದಲನೆಯ ವಿಧಿಯು ಚಿತ್ರಹಿಂಸೆಯ ಲಕ್ಷಣವನ್ನು ಕೊಡುತ್ತದೆ. ದೇಹಕ್ಕಾಗಲಿ ಮನಸ್ಸಿಗಾಗಲಿ ತೀವ್ರವಾದ ನೋವಾಗಬೇಕು. ಅದು ಬುದ್ಧಿಪೂರ್ವಕವಾಗಿ ಮಾಡಿದುದಾಗಿರಬೇಕು. ತಪ್ಪೊಪ್ಪಿಸುವುದು, ಶಿಕ್ಷಿಸುವುದು, ಬೆದರಿಸುವುದು ಮುಂತಾದ ಉದ್ದೇಶವಿರಬೇಕು. ಇಷ್ಟಿದ್ದರೆ ಸಾಲದು. ಆ ನೋವನ್ನು ರಾಜ್ಯದ ಅಧಿಕಾರಿಯೇ ಮಾಡಿರಬೇಕು, ಇಲ್ಲವೆ ಅವನ ಪ್ರೇರಣೆಯಿಂದಲೋ ಸಮ್ಮತಿಯಿಂದಲೋ ಮೌನಾನುಮತಿಯಿಂದಲೋ ನಡೆದಿರಬೇಕು. ಪೋಲೀಸು ಠಾಣೆಯಲ್ಲಿ ಒಬ್ಬನನ್ನು ಹೊಡೆದರೆ ಅದು ರಾಷ್ಟ್ರಗಳ ಸಭೆಗೆ ಸಂಬಂಧಿಸಿದ ಅಪರಾಧ. ಅದೇ ಬಗೆಯ ಏಟುಗಳು, ಅದೇ ಉದ್ದೇಶದಿಂದ, ಮನೆಯ ಬಾಗಿಲು ಮುಚ್ಚಿಕೊಂಡು ಹೆಂಡತಿಯ ಮೇಲೆ ಹತ್ತು ವರ್ಷಗಳ ಕಾಲ ಬಿದ್ದರೂ ಅದು ಚಿತ್ರಹಿಂಸೆಯಲ್ಲ, ಗೃಹಕೃತ್ಯ. ತಾರ್ಕಿಕರ ಭಾಷೆಯಲ್ಲಿ ಹೇಳುವುದಾದರೆ ಈ ಲಕ್ಷಣಕ್ಕೆ ಅವ್ಯಾಪ್ತಿದೋಷವಿದೆ. ಲಕ್ಷ್ಯವಾದುದರ ಒಂದು ಭಾಗವನ್ನು ಅದು ಮುಟ್ಟುವುದೇ ಇಲ್ಲ. ಹೊರಗುಳಿದ ಆ ಭಾಗದಲ್ಲಿ ಇರುವವರು ಬಹುಮಟ್ಟಿಗೆ ಸ್ತ್ರೀಯರೇ ಎಂಬುದು ಆಕಸ್ಮಿಕವಲ್ಲವೆಂದು ಗ್ರಂಥಕರ್ತ್ರಿಯರ ವಾದ. ಪುರುಷನಿಗೆ ಭಯವಿರುವ ಸ್ಥಳವನ್ನು ಶಾಸ್ತ್ರವು ಸಾರ್ವಜನಿಕವೆಂದು ಕರೆದು ರಕ್ಷಿಸಿತು. ಸ್ತ್ರೀಗೆ ಭಯವಿರುವ ಸ್ಥಳವನ್ನು ಖಾಸಗಿಯೆಂದು ಕರೆದು ಕೈಬಿಟ್ಟಿತು.

ಈ ವಾದವು ನಿಷ್ಫಲವಾಗಲಿಲ್ಲ. ಖಾಸಗಿ ವ್ಯಕ್ತಿಯು ಮಾಡಿದ ಹಿಂಸೆಯನ್ನು ತಕ್ಕ ಎಚ್ಚರಿಕೆಯಿಂದ ತಡೆಯದ ರಾಜ್ಯವೂ ಹೊಣೆಯೆಂಬ ತತ್ತ್ವವನ್ನು ಅಮೆರಿಕ ಖಂಡಗಳ ಮಾನವಹಕ್ಕುಗಳ ನ್ಯಾಯಾಲಯವು ಹೊಂಡುರಾಸಿನ ವಿರುದ್ಧದ ಒಂದು ಮೊಕದ್ದಮೆಯಲ್ಲಿ ೧೯೮೮ರಲ್ಲಿಯೇ ಸಾರಿದ್ದಿತು. ಅದನ್ನು ಸ್ತ್ರೀಯರ ಕಡೆಗೆ ತಿರುಗಿಸಿದುದು ಈ ವಿಮರ್ಶಕರ ಹಾಗೂ ಅವರ ಸಹಚಾರಿಗಳ ಶ್ರಮ. ಸ್ತ್ರೀತಾರತಮ್ಯನಿರ್ಮೂಲನದ ೧೯೭೯ರ ಒಡಂಬಡಿಕೆಯಲ್ಲಿ ಹಿಂಸೆಯನ್ನು ಕುರಿತು ಪ್ರತ್ಯೇಕ ವಿಧಿಯೇ ಇರಲಿಲ್ಲ. ಅದರ ಸಮಿತಿಯು ೧೯೯೨ರಲ್ಲಿ ಹಿಂಸೆಯೂ ತಾರತಮ್ಯದ ಒಂದು ರೂಪವೆಂದು ವ್ಯಾಖ್ಯಾನಮಾಡಿತು. ೧೯೯೩ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಸ್ತ್ರೀಹಿಂಸೆಯ ವಿರುದ್ಧ ಘೋಷಣೆಯನ್ನು ಹೊರಡಿಸಿತು. ೨೦೦೮ರಲ್ಲಿ ಚಿತ್ರಹಿಂಸಾವಿರೋಧದ ಸಮಿತಿಯೇ ಮೌನಾನುಮತಿಯೆಂಬ ಪದದ ಅರ್ಥವನ್ನು ಮನೆಯೊಳಗಣ ಹಿಂಸೆಯವರೆಗೆ ಹಬ್ಬಿಸಿತು. ೨೦೦೯ರಲ್ಲಿ ಯೂರೋಪಿನ ಮಾನವಹಕ್ಕುಗಳ ನ್ಯಾಯಾಲಯವು ಟರ್ಕಿಯ ವಿರುದ್ಧದ ಓಪುಜ್ ಮೊಕದ್ದಮೆಯಲ್ಲಿ, ಗಂಡನ ಹಿಂಸೆಯ ಬಗ್ಗೆ ಮತ್ತೆ ಮತ್ತೆ ದೂರು ಬಂದರೂ ತಡೆಯದೆ ಹೋದ ರಾಜ್ಯವು ಅಪರಾಧಿಯೆಂದೂ, ಅದು ತಾರತಮ್ಯವೆಂದೂ ನಿರ್ಣಯಿಸಿತು. ಆ ನಿರ್ಣಯ ಬರುವುದಕ್ಕೆ ಮುಂಚೆ, ೨೦೦೨ರಲ್ಲಿ, ದೂರುಕೊಟ್ಟವಳ ತಾಯಿಯು ಅಳಿಯನ ಗುಂಡಿಗೆ ಬಲಿಯಾಗಿದ್ದಳು.

ಎರಡನೆಯ ವಾದವು ರಾಜ್ಯವೆಂಬ ಪದವನ್ನು ಕುರಿತುದು. ರಾಜ್ಯಕ್ಕೆ ನಾಲ್ಕು ಲಕ್ಷಣಗಳನ್ನು ೧೯೩೩ರ ಡಿಸೆಂಬರ್ ೨೬ರಂದು ಮಾಂಟೆವಿಡಿಯೊ ನಗರದಲ್ಲಿ ಬರೆದಿಟ್ಟರು: ಸ್ಥಿರವಾದ ಜನಸಂಖ್ಯೆ, ನಿರ್ದಿಷ್ಟವಾದ ಭೂಪ್ರದೇಶ, ಸರ್ಕಾರ, ಇತರ ರಾಜ್ಯಗಳೊಡನೆ ವ್ಯವಹರಿಸುವ ಸಾಮರ್ಥ್ಯ. ಆ ಸರ್ಕಾರದಲ್ಲಿ ಜನಸಂಖ್ಯೆಯ ಅರ್ಧಕ್ಕೆ ಮಾತಿದೆಯೋ ಇಲ್ಲವೋ ಎಂಬುದು ಲಕ್ಷಣದಲ್ಲಿ ಸೇರಿಲ್ಲ. ಅದೇ ದಿನ ಅದೇ ಸಮ್ಮೇಳನವು ಇನ್ನೊಂದು ಒಡಂಬಡಿಕೆಗೂ ಸಹಿಹಾಕಿತೆಂಬುದು ಸ್ವಾರಸ್ಯವಾದ ಸಂಗತಿ. ರಾಷ್ಟ್ರೀಯತೆಯ ವಿಷಯದಲ್ಲಿ ಸ್ತ್ರೀಪುರುಷಭೇದವನ್ನು ಮಾಡಕೂಡದೆಂದು ಅದರ ತಾತ್ಪರ್ಯ. ಮೊದಲನೆಯದನ್ನು ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಜಗತ್ತಿನ ಎಲ್ಲೆಡೆಯಲ್ಲಿಯೂ ಕಂಠಪಾಠ ಮಾಡುತ್ತಾರೆ. ಎರಡನೆಯದರ ಹೆಸರನ್ನು ಕೇಳಿದವರು ವಿರಳ.

೧೯೯೧ರ ಲೇಖನವು ಜನಾಂಗಗಳ ಸ್ವಯಂನಿರ್ಣಯದ ಹಕ್ಕನ್ನು ಕುರಿತು ಅಫಘಾನಿಸ್ಥಾನ, ಕುವೈತುಗಳ ದೃಷ್ಟಾಂತಗಳನ್ನು ಕೊಡುತ್ತದೆ. ೧೯೭೯ರಲ್ಲಿ ಸೋವಿಯತ್ ಸೈನ್ಯವು ನುಗ್ಗಿದಾಗ ಅಫಘನ್ ಜನಾಂಗದ ಹಕ್ಕಿನ ಹೆಸರಿನಲ್ಲಿ ಯಾವ ಬಂಡುಕೋರರಿಗೆ ಸಹಾಯ ದೊರೆಯಿತೋ ಅವರು ಆ ಜನಾಂಗದ ಸ್ತ್ರೀಯರಿಗೆ ಯಾವ ಸ್ಥಾನವನ್ನು ಕೊಡುವರೆಂದು ಸಹಾಯಮಾಡಿದವರು ವಿಚಾರಿಸಲಿಲ್ಲ. ೧೯೯೦ರಲ್ಲಿ ಇರಾಕಿನ ಆಕ್ರಮಣಕ್ಕೆ ಸಿಕ್ಕಿದ ಕುವೈತನ್ನು ಬಹುರಾಷ್ಟ್ರಗಳ ಸೈನ್ಯವು ಮರುವರ್ಷ ಬಿಡಿಸಿತು. ಆದರೆ ಬಿಡುಗಡೆಯಾದ ಆ ರಾಜ್ಯದ ಸ್ತ್ರೀಯರು ಮತದಾನದ ಹಕ್ಕಿಗೆ ೨೦೦೫ರವರೆಗೂ ಕಾಯಬೇಕಾಯಿತು. 'ಜನಾಂಗ' ಎಂಬ ಪದದಲ್ಲಿ ಸ್ತ್ರೀಯರು ಸೇರಿರುವುದು ಎಣಿಕೆಗೆ ಮಾತ್ರ, ನಿರ್ಣಯಕ್ಕಲ್ಲವೆಂದು ಗ್ರಂಥಕರ್ತ್ರಿಯರು ತೋರಿಸಿದುದು ಈ ಬಗೆಯಿಂದ.

ಮೂರನೆಯ ವಾದವು ಶಾಸ್ತ್ರವನ್ನು ರಚಿಸುವವರು ಯಾರೆಂಬುದು. ವಿಶ್ವಸಂಸ್ಥೆಯ ಸನ್ನದಿನ ೮ನೆಯ ವಿಧಿಯು ಸಂಸ್ಥೆಯ ಯಾವ ಅಂಗದಲ್ಲಿಯೂ ಸ್ತ್ರೀಯರಿಗೆ ನಿರ್ಬಂಧವಿರಕೂಡದೆಂದು ೧೯೪೫ರಲ್ಲಿಯೇ ಸಾರಿತು. ಆ ಸನ್ನದಿಗೆ ಸಹಿಮಾಡಿದ ಸ್ತ್ರೀಯರು ನಾಲ್ವರು. ೧೯೪೬ರಲ್ಲಿ ಕೆಲಸ ತೊಡಗಿದ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಮೊದಲನೆಯ ಸ್ತ್ರೀ ನ್ಯಾಯಾಧೀಶರಾಗಿ ರೋಸಲಿನ್ ಹಿಗ್ಗಿನ್ಸ್ ಆರಿಸಿಬಂದುದು ೧೯೯೫ರಲ್ಲಿ. ೩೪ ಸದಸ್ಯರ ಅಂತಾರಾಷ್ಟ್ರೀಯ ನ್ಯಾಯ ಆಯೋಗಕ್ಕೆ ಸ್ತ್ರೀಯರು ಮೊದಲಬಾರಿಗೆ ಆರಿಸಿಬಂದುದು ಗ್ರಂಥವು ಪ್ರಕಟವಾದ ಮರುವರ್ಷ, ೨೦೦೧ರಲ್ಲಿ, ಅದೂ ಇಬ್ಬರೇ. ಪೀಠದಲ್ಲಿ ಯಾರು ಕುಳಿತರೇನು, ನ್ಯಾಯವು ಒಂದೇ ಅಲ್ಲವೆ ಎಂದು ಪೂರ್ವಪಕ್ಷವುಂಟು. ಇದಕ್ಕೆ ರುವಾಂಡದ ಅಕಾಯೆಸು ಮೊಕದ್ದಮೆಯು ಸಮಾಧಾನ ಹೇಳುತ್ತದೆ. ಆರೋಪಪತ್ರದ ಮೊದಲ ಪಾಠದಲ್ಲಿ ಸ್ತ್ರೀಯರ ಮೇಲಣ ಅತ್ಯಾಚಾರದ ಪ್ರಸ್ತಾಪವೇ ಇರಲಿಲ್ಲ. ವಿಚಾರಣೆಯ ನಡುವೆ ಸಾಕ್ಷಿಣಿಯರ ಬಾಯಿಂದ ಆ ಸಂಗತಿಯು ಹೊರಬಿದ್ದ ಮೇಲೆ ೧೯೯೭ರಲ್ಲಿ ಆರೋಪಪತ್ರವನ್ನು ತಿದ್ದಲಾಯಿತು. ೧೯೯೮ರ ಸೆಪ್ಟೆಂಬರ್ ೨ರಂದು ಬಂದ ತೀರ್ಪು, ಜನಾಂಗವನ್ನು ನಾಶಮಾಡುವ ಉದ್ದೇಶದಿಂದ ಮಾಡಿದ ಅತ್ಯಾಚಾರವು ಜನಾಂಗಹತ್ಯೆಯೇ ಎಂದು ಪ್ರಥಮತಃ ಸಾರಿತು. ಆ ಪೀಠದ ಮೂವರಲ್ಲಿ ಒಬ್ಬರು ದಕ್ಷಿಣ ಆಫ್ರಿಕದ ತಮಿಳು ಮನೆತನದ ನವನೀತಂ ಪಿಳ್ಳೆ. ಪೀಠದಲ್ಲಿ ಸ್ತ್ರೀ ಇದ್ದಮಾತ್ರಕ್ಕೆ ನ್ಯಾಯ ದೊರೆಯುವುದೆಂದು ಇದರಿಂದ ಸಿದ್ಧವಾಗುವುದಿಲ್ಲ. ಕೇಳದೆ ಬಿಟ್ಟ ಪ್ರಶ್ನೆಯೊಂದನ್ನು ಕೇಳುವವರು ಇರಬೇಕೆಂಬುದಷ್ಟು ಸಿದ್ಧವಾಗುತ್ತದೆ.

ನಾಲ್ಕನೆಯದು ಅತ್ಯಂತ ಗಹನವಾದುದು. ಯಾವ ಒಪ್ಪಂದದಿಂದಲೂ ಮೀರಲಾಗದ ಅನುಲ್ಲಂಘ್ಯ ವಿಧಿಗಳು ಕೆಲವು ಉಂಟೆಂದು ೧೯೬೯ರ ವಿಯೆನ್ನಾ ಒಡಂಬಡಿಕೆಯ ೫೩ನೆಯ ವಿಧಿಯು ಹೇಳುತ್ತದೆ. ಚಾರ್ಲ್ಸ್‌ವರ್ತ್, ಚಿಂಕಿನ್ ಇಬ್ಬರೂ ೧೯೯೩ರ ಒಂದು ಪ್ರಬಂಧದಲ್ಲಿ ಈ ವಿಧಿಗಳ ಪಟ್ಟಿಯನ್ನು ಪರೀಕ್ಷಿಸಿ, ವರ್ಣಭೇದವನ್ನು ಅದರಲ್ಲಿ ಸೇರಿಸಿ ಲಿಂಗಭೇದವನ್ನು ಬಿಟ್ಟುದಕ್ಕೆ ಕಾರಣವೇನೆಂದು ಕೇಳಿದ್ದರು. ೨೦೨೨ರಲ್ಲಿ ಅಂತಾರಾಷ್ಟ್ರೀಯ ನ್ಯಾಯ ಆಯೋಗವು ಅಂತಹ ವಿಧಿಗಳ ಉದಾಹರಣೆಯಾಗಿ ಎಂಟನ್ನು ಪಟ್ಟಿಮಾಡಿತು. ಆಕ್ರಮಣ, ಜನಾಂಗಹತ್ಯೆ, ಗುಲಾಮಗಿರಿ, ವರ್ಣಭೇದ, ಚಿತ್ರಹಿಂಸೆ ಮೊದಲಾದುವುಗಳ ನಿಷೇಧ ಅದರಲ್ಲಿದೆ. ಸ್ತ್ರೀಯರ ವಿರುದ್ಧದ ತಾರತಮ್ಯದ ನಿಷೇಧವಿಲ್ಲ. ಪಟ್ಟಿಯು ಪೂರ್ಣವಲ್ಲವೆಂದು ಆಯೋಗವೇ ಹೇಳಿಕೊಂಡಿದೆ ಎಂಬುದು ನಿಜ. ಆದರೆ ಪ್ರಶ್ನೆಯು ಕಿವಿಗೆ ಬಿದ್ದು ೨೯ ವರ್ಷಗಳಾದ ಮೇಲೂ ಬಿಟ್ಟುಹೋದುದನ್ನು ಮರೆವೆಂದು ಹೇಳುವುದು ಕಷ್ಟ.

ಇಷ್ಟರವರೆಗೆ ಗ್ರಂಥದ ಬಲವನ್ನು ಹೇಳಿದುದಾಯಿತು. ಅದರ ದುರ್ಬಲಸ್ಥಾನಗಳೂ ಉಂಟು. ಸಾರ್ವಜನಿಕ, ಖಾಸಗಿ ಎಂಬ ಭೇದವೇ ಸ್ತ್ರೀಯರ ದುಃಖಕ್ಕೆ ಮೂಲವೆಂಬ ವಾದವು ಎಲ್ಲ ದೇಶಗಳಿಗೂ ಒಂದೇ ಪ್ರಕಾರವಾಗಿ ಹೊಂದುವುದಿಲ್ಲ. ಬಡವರ ಮನೆಯಲ್ಲಿ ಬಾಗಿಲೇ ಭದ್ರವಲ್ಲ. ಅಲ್ಲಿಯ ಸ್ತ್ರೀಗೆ ಗಂಡನ ಭಯದಷ್ಟೇ ಸೈನಿಕನ, ಸಾಹುಕಾರನ, ಕಾವಲುಗಾರನ ಭಯವೂ ಉಂಟು. ಮನೆಯ ಹಿಂಸೆಯೆಲ್ಲವೂ ರಾಜ್ಯದ ಮೌನಾನುಮತಿಯೇ ಎಂದು ಹೇಳಹೊರಟರೆ ಅವ್ಯಾಪ್ತಿಯನ್ನು ಕಳೆಯಲು ಹೋಗಿ ಅತಿವ್ಯಾಪ್ತಿಗೆ ಸಿಕ್ಕಬೇಕಾಗುತ್ತದೆ. ಆಗ ರಕ್ಷಣೆಯ ನೆಪದಿಂದ ಯಾವ ರಾಜ್ಯವಾದರೂ ಯಾವ ಮನೆಯೊಳಗಾದರೂ ನುಗ್ಗಬಹುದು. ತಕ್ಕ ಎಚ್ಚರಿಕೆಯೆಂಬ ಮಿತಿಯು ಈ ಎರಡು ದೋಷಗಳ ನಡುವೆ ಇರುವ ದಾರಿ. ಗ್ರಂಥವು ಆ ಮಿತಿಯನ್ನು ಇನ್ನೂ ಸ್ಪಷ್ಟವಾಗಿ ಗೆರೆಯೆಳೆದು ತೋರಿಸಬೇಕಾಗಿದ್ದಿತು.

'ಸ್ತ್ರೀಯರು' ಎಂಬ ಬಹುವಚನದಲ್ಲಿ ಯಾರೆಲ್ಲರು ಅಡಗಿದ್ದಾರೆಂಬ ಪ್ರಶ್ನೆಯೂ ಗ್ರಂಥಕರ್ತ್ರಿಯರಿಗೆ ತಿರುಗಿ ಬರುತ್ತದೆ. ಪುರುಷಪದವು ಸ್ತ್ರೀಯನ್ನು ಮರೆಸಿದಂತೆಯೇ ಪಶ್ಚಿಮದ ವಿದ್ಯಾವಂತ ಸ್ತ್ರೀಯ ಅನುಭವವು ಇತರ ಸ್ತ್ರೀಯರ ಅನುಭವವನ್ನು ಮರೆಸಬಹುದೆಂದು ಚಂದ್ರಾ ತಲ್ಪಾಡೆ ಮೊಹಾಂತಿಯವರು ೧೯೮೪ರಲ್ಲಿಯೇ ಎಚ್ಚರಿಸಿದ್ದರು. ಪೂರ್ವದೇಶದ ಸ್ತ್ರೀಯನ್ನು ಯಾವಾಗಲೂ ನರಳುವ ಪ್ರಾಣಿಯಾಗಿಯೇ ಚಿತ್ರಿಸಿದರೆ ಅವಳನ್ನು ಉದ್ಧರಿಸುವ ಅಧಿಕಾರವು ಬಲಿಷ್ಠರಿಗೆ ತಾನಾಗಿ ಬಂದುಬಿಡುವುದೆಂದು ರತ್ನಾ ಕಪೂರರು ೨೦೦೨ರಲ್ಲಿ ಬರೆದರು. ೧೯೯೧ರ ಲೇಖನದಲ್ಲಿ ಮೂರನೆಯ ಜಗತ್ತಿನ ಸ್ತ್ರೀಯರ ವಿಚಾರಕ್ಕೆ ಒಂದು ಭಾಗವನ್ನು ಮೀಸಲಿಟ್ಟಿರುವುದನ್ನು ನೆನೆದರೆ ಗ್ರಂಥಕರ್ತ್ರಿಯರು ಇದನ್ನು ಅರಿಯದವರೆಂದು ಹೇಳುವಂತಿಲ್ಲ. ಆದರೆ ಅರಿತುದನ್ನು ವಾದದ ತಳಹದಿಯಲ್ಲಿ ಇಡದೆ ಪಕ್ಕದ ಕೊಠಡಿಯಲ್ಲಿ ಇಟ್ಟಂತಾಗಿದೆ. ಗ್ರಂಥದ ಭಾಷೆಯೂ ತೀರ್ಪುಗಳ, ಒಡಂಬಡಿಕೆಗಳ, ವಿದ್ವತ್ಪ್ರಬಂಧಗಳ ಭಾಷೆ. ಅದರಲ್ಲಿ ಯಾರ ಪರವಾಗಿ ವಾದ ನಡೆದಿದೆಯೋ ಅವರ ಧ್ವನಿಯು ದೂರದಿಂದ ಕೇಳಿಸುವುದೇ ಹೊರತು ಸಮೀಪದಿಂದಲ್ಲ.

ಕಪೂರರ ಭಯವು ನಿರಾಧಾರವಾದುದಲ್ಲವೆಂಬುದಕ್ಕೆ ಅಫಘಾನಿಸ್ಥಾನದ ಚರಿತ್ರೆಯೇ ಸಾಕ್ಷಿ. ೨೦೦೧ರ ಅಕ್ಟೋಬರಿನಲ್ಲಿ ಅಲ್ಲಿ ಅಮೆರಿಕದ ಯುದ್ಧವು ಆರಂಭವಾಯಿತು. ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿಯು ರೇಡಿಯೊ ಭಾಷಣದಲ್ಲಿ, ಭಯೋತ್ಪಾದನೆಯ ವಿರುದ್ಧದ ಹೋರಾಟವು ಸ್ತ್ರೀಯರ ಹಕ್ಕುಗಳಿಗಾಗಿ ನಡೆಯುವ ಹೋರಾಟವೂ ಹೌದೆಂದು ಸಾರಿದರು. ೨೦೦೩ರಲ್ಲಿ ಆ ದೇಶವು ೧೯೭೯ರ ಒಡಂಬಡಿಕೆಯನ್ನು ಯಾವ ವಿನಾಯಿತಿಯನ್ನೂ ಕೇಳದೆ ಅಂಗೀಕರಿಸಿತು. ೨೦೨೦ರ ಫೆಬ್ರವರಿ ೨೯ರಂದು ದೋಹಾ ನಗರದಲ್ಲಿ ಅಮೆರಿಕವೂ ತಾಲಿಬಾನರೂ ಮಾಡಿಕೊಂಡ ಒಪ್ಪಂದದಲ್ಲಿ ಸ್ತ್ರೀಯರ ಹಕ್ಕುಗಳ ಪ್ರಸ್ತಾಪವೇ ಇರಲಿಲ್ಲ. ಯುದ್ಧವನ್ನು ಹೂಡುವಾಗ ಬೇಕಾದ ಪದವು ಯುದ್ಧವನ್ನು ಮುಗಿಸುವಾಗ ಬೇಡವಾಯಿತು. ೨೦೨೧ರ ಆಗಸ್ಟಿನಲ್ಲಿ ಕಾಬೂಲು ತಾಲಿಬಾನರ ವಶವಾಯಿತು. ಬಾಲಕಿಯರಿಗೆ ಪ್ರೌಢಶಾಲೆಗಳು ಮುಚ್ಚಿದುವು. ೨೦೨೨ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳೂ ಮುಚ್ಚಿದುವು. ೧೯೯೧ರಲ್ಲಿ ಮೂವರು ಲೇಖಕಿಯರು ಆ ದೇಶವನ್ನು ದೃಷ್ಟಾಂತವಾಗಿ ಆರಿಸಿಕೊಂಡಾಗ ಅದು ಇಷ್ಟು ಕಠೋರವಾಗಿ ಸತ್ಯವಾಗುವುದೆಂದು ಅವರೂ ಎಣಿಸಿರಲಾರರು.

ಹಾಗಾದರೆ ಶಾಸ್ತ್ರವು ನಿಷ್ಪ್ರಯೋಜಕವೆಂದು ಹೇಳಬಹುದೆ? ಹೇಳಲಾಗದು. ಲಿಂಗವನ್ನು ಕಾರಣಮಾಡಿಕೊಂಡು ನಡೆಯಿಸುವ ಪೀಡನೆಯೂ ಮಾನವತೆಯ ವಿರುದ್ಧದ ಅಪರಾಧವೆಂದು ೧೯೯೮ರ ರೋಮ್ ಶಾಸನದಲ್ಲಿ ಸೇರಿಸಿದುದು ಸ್ತ್ರೀಪಕ್ಷದವರ ಹೋರಾಟದ ಫಲ. ಆ ಪದವನ್ನು ಆಧಾರಮಾಡಿಕೊಂಡೇ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯವು ೨೦೨೫ರ ಜುಲೈ ೮ರಂದು ತಾಲಿಬಾನರ ಪರಮನಾಯಕನ ಮೇಲೆಯೂ ಅವರ ಮುಖ್ಯ ನ್ಯಾಯಾಧೀಶನ ಮೇಲೆಯೂ ಬಂಧನದ ವಾರಂಟುಗಳನ್ನು ಹೊರಡಿಸಿತು. ವಾರಂಟಿನಿಂದ ಶಾಲೆಯ ಬಾಗಿಲು ತೆರೆಯಲಿಲ್ಲವೆಂಬುದು ದಿಟ. ಆದರೆ ಆ ಬಾಗಿಲನ್ನು ಮುಚ್ಚಿದುದು ಒಂದು ದೇಶದ ಆಚಾರವಲ್ಲ, ಮಾನವಕುಲಕ್ಕೆ ಎಸಗಿದ ಅಪರಾಧವೆಂದು ಹೇಳುವ ಮಾತು ಈಗ ಶಾಸ್ತ್ರದಲ್ಲಿದೆ. ೧೯೪೮ರಲ್ಲಿ ಆ ಮಾತು ಇರಲಿಲ್ಲ.

ಭಾರತಕ್ಕೂ ಈ ಗ್ರಂಥದಿಂದ ಕೇಳಿಸಿಕೊಳ್ಳತಕ್ಕ ಪ್ರಶ್ನೆಯುಂಟು. ಹಂಸಾ ಮೆಹತಾರ ದೇಶವು ೧೯೭೯ರ ಒಡಂಬಡಿಕೆಯನ್ನು ೧೯೯೩ರ ಜುಲೈ ೯ರಂದು ಅಂಗೀಕರಿಸಿತು. ಆದರೆ ಅಂಗೀಕಾರದೊಡನೆ ಕೆಲವು ಹೇಳಿಕೆಗಳನ್ನು ಲಗತ್ತಿಸಿತು. ರೂಢಿಗಳನ್ನು ತಿದ್ದುವುದನ್ನೂ ವಿವಾಹದಲ್ಲಿ ಸಮಾನತೆಯನ್ನೂ ಕುರಿತ ವಿಧಿಗಳನ್ನು, ಯಾವ ಸಮುದಾಯದ ಸ್ವಂತ ವ್ಯವಹಾರದಲ್ಲಿಯೂ ಅದರ ಸಮ್ಮತಿಯಿಲ್ಲದೆ ಕೈಹಾಕದಿರುವ ನೀತಿಗೆ ಅನುಸಾರವಾಗಿ ಮಾತ್ರ ಪಾಲಿಸುವುದಾಗಿ ಒಂದು ಹೇಳಿಕೆ. ರಾಷ್ಟ್ರಗಳ ಸಭೆಯು ರಾಜ್ಯದ ಹೊಸ್ತಿಲಲ್ಲಿ ನಿಲ್ಲುತ್ತದೆ. ರಾಜ್ಯವು ಸಮುದಾಯದ ಹೊಸ್ತಿಲಲ್ಲಿ ನಿಲ್ಲುತ್ತದೆ. ಸಮುದಾಯವು ಮನೆಯ ಹೊಸ್ತಿಲಲ್ಲಿ ನಿಲ್ಲುತ್ತದೆ. ಸಮುದಾಯದ ಸಮ್ಮತಿಯನ್ನು ಕೊಡುವವರಲ್ಲಿ ಸ್ತ್ರೀಯರೂ ಸೇರಿರುವರೆ ಎಂದು ಹೇಳಿಕೆಯು ಹೇಳುವುದಿಲ್ಲ. ಆದರೂ ಅದೇ ಒಡಂಬಡಿಕೆಯು ಇಲ್ಲಿ ಫಲಕೊಟ್ಟುದುಂಟು. ರಾಜಸ್ಥಾನದಲ್ಲಿ ಬಾಲ್ಯವಿವಾಹವನ್ನು ತಡೆಯಲೆತ್ನಿಸಿದ ಗ್ರಾಮಸೇವಕಿಯೊಬ್ಬಳಿಗಾದ ಅನ್ಯಾಯದಿಂದ ಹುಟ್ಟಿದ ವಿಶಾಖಾ ಮೊಕದ್ದಮೆಯಲ್ಲಿ, ೧೯೯೭ರ ಆಗಸ್ಟಿನಲ್ಲಿ, ಸರ್ವೋಚ್ಚ ನ್ಯಾಯಾಲಯವು ದೇಶದ ಶಾಸನವು ಮೌನವಾಗಿರುವೆಡೆ ಈ ಒಡಂಬಡಿಕೆಯನ್ನೇ ಆಧರಿಸಿ ಕೆಲಸದ ಸ್ಥಳಗಳಲ್ಲಿ ಸ್ತ್ರೀಯರ ಮಾನರಕ್ಷಣೆಗೆ ಸೂತ್ರಗಳನ್ನು ವಿಧಿಸಿತು. ಶಾಸನಸಭೆಯು ಅದನ್ನು ಕಾಯಿದೆಯಾಗಿಸಿದುದು ೨೦೧೩ರಲ್ಲಿ. ದೂರದೇಶದಲ್ಲಿ ಬರೆದ ಒಂದು ವಾಕ್ಯವು ಈ ದೇಶದ ಕಛೇರಿಯಲ್ಲಿ ದುಡಿಯುವ ಹೆಣ್ಣುಮಗಳಿಗೆ ಆಸರೆಯಾದುದು ಹೀಗೆ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಈ ಗ್ರಂಥವು ಕೊಟ್ಟ ಉತ್ತರಗಳಿಗಿಂತ ಅದು ಕಲಿಸಿದ ಪ್ರಶ್ನೆಯೇ ಹೆಚ್ಚು ಬಾಳಿಕೆಯುಳ್ಳದ್ದೆಂದು ತೋರುತ್ತದೆ. ಯಾವುದೇ ವಿಧಿಯನ್ನು ಓದುವಾಗ ಅದು ಏನನ್ನು ಹೇಳುತ್ತದೆಂಬುದರ ಜೊತೆಗೆ ಯಾರ ವಿಷಯದಲ್ಲಿ ಸುಮ್ಮನಿದೆ ಎಂಬುದನ್ನೂ ಓದಬೇಕೆಂಬುದು ಆ ಪ್ರಶ್ನೆ. ಇದನ್ನು ಕೇಳಿದವರಿಗೆ ಶಾಸ್ತ್ರಜ್ಞರ ಮನ್ನಣೆಯೂ ದೊರೆಯದೆ ಇರಲಿಲ್ಲ. ಅಮೆರಿಕದ ಅಂತಾರಾಷ್ಟ್ರೀಯ ನ್ಯಾಯಶಾಸ್ತ್ರದ ಸಂಘವು ೨೦೦೬ರಲ್ಲಿ ಗ್ರಂಥಕರ್ತ್ರಿಯರಿಬ್ಬರಿಗೂ ಪದಕವನ್ನಿತ್ತಿತು. ೨೦೨೧ರ ನವೆಂಬರಿನಲ್ಲಿ ಚಾರ್ಲ್ಸ್‌ವರ್ತರು ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ನ್ಯಾಯಾಧೀಶರಾಗಿ ಆರಿಸಿಬಂದರು. ಎಲ್ಲೆಯ ಹೊರಗೆ ನಿಂತು ವಾದಿಸಿದವರನ್ನು ಶಾಸ್ತ್ರವು ಒಳಕ್ಕೆ ಕರೆದು ಪೀಠದಲ್ಲಿ ಕುಳ್ಳಿರಿಸಿತು. ಇದು ಸಂತೋಷದ ಸಂಗತಿಯೇ. ಆದರೆ ಒಬ್ಬರನ್ನು ಒಳಕ್ಕೆ ಕರೆದುದಕ್ಕೂ ಎಲ್ಲೆಯನ್ನು ಸರಿಸಿದುದಕ್ಕೂ ಭೇದವುಂಟೆಂದು ಅವರ ಗ್ರಂಥವೇ ಕಲಿಸುತ್ತದೆ. ಸ್ತ್ರೀಗೆ ಅಧಿಕಾರವುಂಟೆಂದು ಒಪ್ಪಿ ಅನುಷ್ಠಾನದಲ್ಲಿ ಪತಿಯ ಜೊತೆಗೆ ಕಟ್ಟಿಹಾಕಿದ ಮೀಮಾಂಸಕರ ನಿರ್ಣಯವನ್ನು ಬಲ್ಲವರಿಗೆ ಈ ಭೇದವು ಹೊಸದಲ್ಲ. ಅನುಲ್ಲಂಘ್ಯ ವಿಧಿಗಳ ಪಟ್ಟಿಯಲ್ಲಿ ಒಂಬತ್ತನೆಯದು ಸೇರುವುದೋ ಇಲ್ಲವೋ, ಅಫಘನ್ ಬಾಲಕಿಯ ಶಾಲೆಯ ಬಾಗಿಲು ಮುಂದಿನ ಒಪ್ಪಂದದಲ್ಲಿ ಒಂದು ವಾಕ್ಯವನ್ನಾದರೂ ಪಡೆಯುವುದೋ ಇಲ್ಲವೋ, ಗ್ರಂಥದ ನಿಜವಾದ ಸಾಫಲ್ಯವನ್ನು ಅದರಿಂದ ಅಳೆಯತಕ್ಕದ್ದು.